ಹಿತ್ತಿಲಲ್ಲಿ ದಂಟಿನ ಬೀಜ

ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣದ ಮಾತ್ರೆಯೊಡನೆ ಸೊಪ್ಪನ್ನೂ ತಿನ್ನಿರೆಂದು ನಾವು ಹೇಳುತ್ತೇವೆ; ಕೊಳ್ಳಲು ಕಾಸೆಲ್ಲಿ ಎಂಬ ತಾಯಂದಿರ ಪ್ರಶ್ನೆಯು ನ್ಯಾಯವಾದುದೇ. ಬಿಸಿಲು ಬೀಳುವ ಒಂದು ಮಾರು ನೆಲವಿದ್ದರೆ ಸಾಕು.

ದಂಟಿನ ಬೀಜವು ಸಾಸಿವೆಗಿಂತಲೂ ಸಣ್ಣದು; ಹಾಗೆಯೇ ಎರಚಿದರೆ ಒಂದೆಡೆ ಗುಂಪಾಗುವುದು. ಆದುದರಿಂದ ಒಣ ಮರಳಿನೊಡನೆ ಬೆರೆಸಿ, ಹದಗೊಳಿಸಿದ ಮಡಿಯ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚತಕ್ಕದ್ದು. ಆಳಕ್ಕಿಳಿದ ಬೀಜವು ಮೇಲೇಳದು. ಇರುವೆಗಳು ಹೊತ್ತೊಯ್ಯದಂತೆ ಸುತ್ತಲೂ ಬೂದಿ ಉದುರಿಸಬೇಕು. ಕೊಡದಿಂದ ಸುರಿಯದೆ, ಕೈಯಿಂದ ನೀರು ಚಿಮುಕಿಸಬೇಕು. ಸುಮಾರು ಒಂದು ತಿಂಗಳಿಗೆ ಸೊಪ್ಪು ಕೊಯ್ಲಿಗೆ ಬರುವುದು.

ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶವು ದೇಹಕ್ಕೆ ಹೆಚ್ಚು ದಕ್ಕುವುದು. ಸೊಪ್ಪು ಬೆಳೆದಿದೆಯೆಂದು ಮಾತ್ರೆಯನ್ನು ಮಾತ್ರ ಬಿಡಬಾರದು.