ಹಾವಸೆಯೂ ಸಿಂಗಳೀಕವೂ

ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಅಡಕೆಯ ಮರದ ಬುಡ, ಕಟ್ಟೆಯ ಕಲ್ಲು, ಸೊಪ್ಪಿನ ಬೆಟ್ಟದ ಕೊಂಬೆ, ಎಲ್ಲವೂ ಹಾವಸೆಯಿಂದ ಹಸುರಾಗುವುವು. ಅದೇ ಸೀಮೆಯ ದಟ್ಟ ಕಾಡಿನಲ್ಲಿ, ಕಪ್ಪು ಮೈಯೂ ಬೂದುಬಣ್ಣದ ಕೇಸರವೂ ತುದಿಯಲ್ಲಿ ಕುಚ್ಚಿರುವ ಬಾಲವೂ ಉಳ್ಳ ಸಿಂಗಳೀಕವು ಮರದಿಂದ ಮರಕ್ಕೆ ಸಂಚರಿಸುವುದು. ಮೊದಲನೆಯದನ್ನು ಕೆರೆದು ಬಿಸಾಡುವರು. ಎರಡನೆಯದನ್ನು ಬರಿಯ ಮಂಗವೆಂದು ಓಡಿಸುವರು. ಇವುಗಳ ಕುಲವನ್ನೂ ಸ್ಥಿತಿಯನ್ನೂ ಜಮೀನುದಾರರು ಅರಿತಿರುವುದು ಯುಕ್ತ.

ಹಾವಸೆಯು ಸಸ್ಯಕೋಟಿಗೆ ಸೇರಿದ್ದು. ಇದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಧೂಳಿನಂಥ ಬೀಜಾಣುಗಳಿಂದ ವಂಶವು ಹಬ್ಬುವುದು. ಜಗತ್ತಿನಲ್ಲಿ ಇದರ ಜಾತಿಗಳು ಸುಮಾರು 12,000. ಸಿಂಗಳೀಕವಾದರೋ ಸ್ತನಿವರ್ಗದ ವಾನರಗಣದಲ್ಲಿ ಮಕಾಕ ಕುಲದ್ದು. ಊರ ಕೋತಿಗೆ ಹತ್ತಿರದ ದಾಯಾದಿ, ಮುಸುವಕ್ಕೆ ದೂರದ ನಂಟ. ಇದಕ್ಕೆ ಲಿನೇಯಸ್ ಪಂಡಿತನು 1758ರಲ್ಲಿ ಶಾಸ್ತ್ರೀಯ ನಾಮವನ್ನಿಟ್ಟನು. ಹಾವಸೆಗಳ ನಾಮಕರಣಕ್ಕೆ ಬಹುಮಟ್ಟಿಗೆ ಆಧಾರವಾದ ಹೆಡ್‌ವಿಗ್ ಪಂಡಿತನ ಗ್ರಂಥವು ಹೊರಬಂದದ್ದು 1801ರಲ್ಲಿ, ಅವನು ತೀರಿಕೊಂಡ ಮೇಲೆ.

ಹಾವಸೆಯು ಮರದ ರಸವನ್ನು ಹೀರುವುದೆಂದು ಅನೇಕರು ನಂಬಿರುವರು. ಇದು ಸರಿಯಲ್ಲ. ಕೊಂಬೆಯೊಳಕ್ಕೆ ಬೇರನ್ನಿಳಿಸಿ ಮರದ ನೀರನ್ನು ಕದಿಯುವುದು ಬಂದಳಿಕೆ. ಅದನ್ನು ಕೊಂಬೆಸಹಿತ ಕಡಿಯತಕ್ಕದ್ದೇ. ಹಾವಸೆಯು ತೊಗಟೆಯನ್ನು ಹಿಡಿದುಕೊಂಡಿರುವುದಷ್ಟೆ. ಅದರ ಆಹಾರಪಾನಗಳು ಮಳೆ, ಮಂಜು, ಬೆಳಕುಗಳಿಂದ. ಬೇಸಗೆಯಲ್ಲಿ ಸತ್ತಂತೆ ಒಣಗಿದ್ದು ಮೊದಲ ಮಳೆಗೆ ಪುನಃ ಚಿಗುರುವುದನ್ನು ಯಾರಾದರೂ ನೋಡಬಹುದು.

ಸಿಂಗಳೀಕಕ್ಕೆ ಈ ಸಾಮರ್ಥ್ಯವಿಲ್ಲ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಮರಿಗೆ ಎರಡು ವರ್ಷಕ್ಕೂ ಮೀರಿದ ಅವಧಿ ಬೇಕು. ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದು ಇಲ್ಲ. 1948ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ; ಪ್ರಾಯಕ್ಕೆ ಬಂದವು 2,500ಕ್ಕೂ ಕಡಮೆಯೆಂದು ಎಣಿಕೆ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವುದರಿಂದ, ಮುಸುವವೆಂದು ಭ್ರಮಿಸಿ ಹೊಡೆದೆವೆಂದರೂ ಸೆರೆಮನೆ ತಪ್ಪುವುದು ಕಷ್ಟ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಇದಕ್ಕಾಗಿಯೇ ಸಂರಕ್ಷಣಾ ಪ್ರದೇಶವೊಂದು ಏರ್ಪಟ್ಟಿತು.

ಹಾವಸೆಯ ವಿಷಯದಲ್ಲಿ ಇಂಥ ಗಣನೆ ಬಹು ಸ್ವಲ್ಪ ಜಾತಿಗಳಿಗೆ ಮಾತ್ರ ಆಗಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಕ್ಷೇಮವೆಂದು ತಿಳಿಯಲಾಗದು. ಕಟ್ಟೆಯ ಮೇಲಿನ ಹಾವಸೆ ಎಲ್ಲೆಡೆಯೂ ಬೆಳೆದೀತು, ನೆರಳಿನ ಹಳ್ಳದ್ದು ಬಯಲಾದ ಜಾಗದಲ್ಲಿ ಬದುಕದು.

ಸೊಪ್ಪಿನ ಬೆಟ್ಟದ ಹಕ್ಕುಳ್ಳವರು ಸೊಪ್ಪು ಕಡಿಯುವಾಗ ಹಣ್ಣಿನ ಮರಗಳ ನೆತ್ತಿಯನ್ನು ಉಳಿಸಿ, ಕೊಂಬೆಗೆ ಕೊಂಬೆ ತಾಗಿರುವ ಸಾಲನ್ನು ಕಾಡಿನವರೆಗೂ ಬಿಡುವುದು ಒಳ್ಳೆಯದು. ಸಾಲು ಕಡಿದಲ್ಲಿ ಸಿಂಗಳೀಕವು ನೆಲಕ್ಕಿಳಿದು ನಾಯಿಗೋ ರಸ್ತೆಯ ವಾಹನಕ್ಕೋ ಸಿಕ್ಕುವುದು. ಅದೇ ಕೊಂಬೆಯ ಹಾವಸೆಯು ಬಿಸಿಲಿಗೆ ಒಣಗಿ ಉದುರುವುದು.