ಒಂದೇ ರೋಗ, ಐದು ಹೆಸರು: ಗಡಿಯಾಚೆಗಿನ ದನದ ರೋಗಗಳ ನಿಗಾ

ನಾನು ಜತ್ತದಿಂದ ಮಾತಾಡಾಕತ್ತೀನಿ. ನಾವು ಕಾಲುಬಾಯಿ ಬ್ಯಾನಿ ಅನ್ನೋದನ್ನ ಇಲ್ಲಿಯ ಮರಾಠಿಯವರು ಲಾಳ್ಯಾ ಖುರಕೂತ್ ಅಂತಾರ. ಆದವಾನಿಯ ತೆಲುಗಿನಲ್ಲಿ ಅದು ಗಾಲಿಕುಂಟು, ತಾಳವಾಡಿಯ ತಮಿಳಿನಲ್ಲಿ ಕೋಮಾರಿ, ವಯನಾಡಿನ ಮಲಯಾಳದಲ್ಲಿ ಕುಳಂಬುರೋಗಂ. ಖಿಲಾರಿ ಹೋರಿ ಜಾತ್ರೆಯಿಂದ ಜಾತ್ರೆಗೆ ಹೋಗುವಾಗ ರೋಗವೂ ಅದರ ಜೋಡಿ ಗಡಿ ದಾಟತದ. ಸುದ್ದಿ ಮಾತ್ರ ದಾಟೋದಿಲ್ಲ. ದೇಶದೇಶಗಳ ನಡುವೆ ಈ ಸುದ್ದಿ ದಾಟುವಂತೆ ಮಾಡಿದ್ದು ಹೇಗೆ ಅನ್ನೋದಕ್ಕೆ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟಿನ, ಇತಿಹಾಸ ನೋಡಬೇಕು.

1920ರಲ್ಲಿ ಭಾರತದ ದನಗಳನ್ನು ಬ್ರೆಜಿಲಿಗೆ ಸಾಗಿಸುವಾಗ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದ್ದರು. ಅಲ್ಲಿಂದ ಆ ದೇಶಕ್ಕೆ ದೊಡ್ಡರೋಗ ಹಬ್ಬಿತು. ಆ ಭಯದಿಂದ 1924ರಲ್ಲಿ 28 ದೇಶಗಳು ಪ್ಯಾರಿಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹುಟ್ಟಿದ್ದು ಹೀಗೆ. ರೋಗ ಕಂಡ ಕೂಡಲೇ ಉಳಿದವರಿಗೆ ತಿಳಿಸುವುದು ಅದರ ಮೂಲ ಕೆಲಸ.

ಭಾರತ 1954ರಿಂದ ದೊಡ್ಡರೋಗಕ್ಕೆ ರಾಷ್ಟ್ರಮಟ್ಟದಲ್ಲಿ ಲಸಿಕೆ ಹಾಕಿತು. ಆದರೆ ಕೊನೆಯ ಹಂತದಲ್ಲಿ ಲಸಿಕೆ ನಿಲ್ಲಿಸಲೇಬೇಕಿತ್ತು. ಯಾಕಂದ್ರ, ಲಸಿಕೆ ಹಾಕಿದ ದನದ ರಕ್ತದಲ್ಲೂ ರೋಗ ಬಂದು ಹೋದ ದನದ ರಕ್ತದಲ್ಲೂ ಒಂದೇ ತರಹದ ಪ್ರತಿಕಾಯ ಸಿಗತದ. ಲಸಿಕೆ ನಡೆಯುತ್ತಿರುವಷ್ಟು ದಿನ ವೈರಾಣು ಎಲ್ಲಿ ಅಡಗಿದೆ ಅಂತ ರಕ್ತಪರೀಕ್ಷೆ ಹೇಳಲಾರದು. ಲಸಿಕೆ ನಿಲ್ಲಿಸಬೇಕಾದರೆ ನೆರೆಯವರ ಮಾತಿನ ಮೇಲೆ ನಂಬಿಕೆ ಬೇಕು. ಅವರು ರೋಗ ಮುಚ್ಚಿಟ್ಟರೆ ನಮ್ಮ ದನ ಸಾಯತಾವ. ಭಾರತದ ಕೊನೆಯ ಪ್ರಕರಣ 1995ರದ್ದು, ಪಾಕಿಸ್ತಾನದ್ದು 2000ದ್ದು, ಕೀನ್ಯಾದ್ದು 2001ರದ್ದು. 2011ರಲ್ಲಿ ಜಗತ್ತೇ ದೊಡ್ಡರೋಗದಿಂದ ಮುಕ್ತ ಅಂತ ಘೋಷಣೆಯಾಯಿತು.

ಈಗಿನ ಚರ್ಮಗಂಟು ರೋಗಕ್ಕೆ ಇದೇ ಪಾಠ ಬೇಕಾಗೇದ. 2019ರಲ್ಲಿ ಭಾರತ, ಬಾಂಗ್ಲಾದೇಶ, ಚೀನಾಗಳಲ್ಲಿ ಕಂಡಿತು. ಮರುವರ್ಷ ನೇಪಾಳ, ಭೂತಾನ, ಶ್ರೀಲಂಕಾಕ್ಕೂ ಹೋಯಿತು. ಇದನ್ನು ಹರಡುವುದು ರಕ್ತ ಹೀರುವ ನೊಣ, ಸೊಳ್ಳೆ, ಉಣ್ಣಿ. ಚೆಕ್‌ಪೋಸ್ಟಿನಾಗ ಸೊಳ್ಳಿ ತಡಿಯೋದು ಹ್ಯಾಂಗ? 2022ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ದನದ ಸಂತೆ ಮುಚ್ಚಿದರು. ಅದು ಅಗತ್ಯವೇ. ಆದರೆ ಸುದ್ದಿ ಹೇಳಿದರೆ ಸಂತೆ ಬಂದಾಗುತ್ತದೆ ಅಂತ ಗೊತ್ತಾದ ರೈತ ಎರಡನೇ ಸಲ ಬಾಯಿ ಬಿಡ್ತಾನೇನ್ರಿ? ದೇಶಗಳೂ ಹಾಗೆಯೇ, ರಫ್ತು ನಿಲ್ಲುವ ಅಂಜಿಕೆಗೆ ರೋಗ ಮುಚ್ಚಿಡುತ್ತವೆ.

ಹಾಗಾಗಿ ನನ್ನ ಸಲಹೆ ಮೂರು. ಐದೂ ಭಾಷೆಯ ಹೆಸರು ಮತ್ತು ಒಂದೇ ಲಕ್ಷಣಪಟ್ಟಿ ಇರುವ ಹಾಳೆ ಗಡಿಯ ಪ್ರತಿ ದನದ ದವಾಖಾನಿಯಲ್ಲಿರಲಿ. ಜತ್ತದಲ್ಲಿ ರೋಗ ಕಂಡರೆ ಅವತ್ತೇ ವಿಜಯಪುರಕ್ಕೆ ಫೋನ್ ಹೋಗಲಿ. ಮುಂಬೈ, ಬೆಂಗಳೂರು ಸುತ್ತಿ ಬರೋದು ಬ್ಯಾಡ. ಮೊದಲು ಹೇಳಿದ ರೈತನಿಗೆ ಪರಿಹಾರವೂ ಮೊದಲೇ ಸಿಗಲಿ. ಇದರಾಗ ಮೂರನೆಯದು ಆಗದಿದ್ದರೆ ಮೊದಲಿನ ಎರಡೂ ಕಾಗದದಾಗ ಉಳೀತಾವ.