ಹಳೆಯ ಕಾರು, ಪರಿಮಿತ ಸಂಬಳ

ಸಂಜೆ ಏಳೂವರೆಯ ಹೊತ್ತಿಗೆ ದಿವಾ ಜಂಕ್ಷನ್ನಿನಲ್ಲಿ ಇಳಿಯುವ ಜನಸಂದಣಿಯನ್ನು ಕಂಡವರಿಗೆ ಇವರಲ್ಲಿ ಯಾರಾದರೂ ಹಳೆಯ ಕಾರಿನ ಕನಸು ಕಾಣುತ್ತಿರಬಹುದೆಂದು ತೋರದು. ಒಂದು ಕವಲು ಪನ್ವೇಲಿನತ್ತ, ಇನ್ನೊಂದು ವಸಯಿಯತ್ತ ಹೊರಳುವ ಈ ಊರಿನಲ್ಲಿ ಮನೆ ಮಾಡಿದವರು ಹೆಚ್ಚಾಗಿ ಲೋಕಲ್ ಗಾಡಿಯ ಪಾಸನ್ನೇ ನಂಬಿದವರು. ಆದರೂ ಅವರಲ್ಲಿ ಧಾರವಾಡ, ಉಡುಪಿ, ಕುಂದಾಪುರಗಳಿಂದ ಬಂದ ಕೆಲವರ ಮನಸ್ಸಿನಲ್ಲಿ ಬಾಲ್ಯದ ಒಂದು ಫಿಯೆಟ್ ಇನ್ನೂ ನಿಂತಿದೆ. ಊರಿನ ಡಾಕ್ಟರರದ್ದೋ, ಸೋದರಮಾವನದ್ದೋ ಆದ ಆ ಕಾರಿನ ಹಿಂದಿನ ಆಸನದಲ್ಲಿ ಒಮ್ಮೆ ಕುಳಿತ ನೆನಪು ನಲವತ್ತು ವರ್ಷ ಕಳೆದರೂ ಅಳಿಯುವುದಿಲ್ಲ. ಮಕ್ಕಳ ಶಿಕ್ಷಣ, ಮನೆಯ ಸಾಲದ ಕಂತುಗಳ ನಡುವೆ ಅಂತಹ ಕಾರೊಂದನ್ನು ಹುಡುಕಿ ತಂದು, ದುರಸ್ತಿ ಮಾಡಿಸಿ ಓಡಿಸುವುದು ಸಂಬಳದಾರನಿಗೆ ಸಾಧ್ಯವೇ? ಸಾಧ್ಯ. ಆದರೆ ಕಾರಿನ ಬೆಲೆಯೇ ಖರ್ಚೆಂದು ಭಾವಿಸಿ ಹೊರಟವನ ಮನೆಯಲ್ಲಿ ಹೆಂಡತಿಯ ಬಳೆಗಳು ಅಡವಿಗೆ ಹೋಗುವುದೂ ಅಷ್ಟೇ ಸಾಧ್ಯ.

ಹುಡುಕಾಟಕ್ಕೆ ದೂರ ಹೋಗಬೇಕಾಗಿಲ್ಲ. ದಿವಾದವರು ದಿನವೂ ದಾಟುವ ಕುರ್ಲಾದಲ್ಲೇ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಇತ್ತು. ಕಲ್ಯಾಣ್–ಡೊಂಬಿವಲಿ ಪ್ರದೇಶದಲ್ಲಿದ್ದ ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಪ್ಯೂಜೊ 309 ತಯಾರಾಗುತ್ತಿತ್ತು. ಈ ಉದ್ಯಮದ ಹಿಂದೆ ಕನ್ನಡಿಗರೊಬ್ಬರ ಚಿಂತನೆಯಿದ್ದುದು ಬಹಳ ಜನರಿಗೆ ತಿಳಿಯದು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ರೂಪಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಆಂಗ್ಲ ಸರಕಾರದ ಅನಾಸಕ್ತಿಯಿಂದ ಯೋಜನೆ ಕುಂಟಿತು. ಅದೇ ವಾಲ್‌ಚಂದರು 1940ರಲ್ಲಿ ಮೈಸೂರು ಸರಕಾರದ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ, 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನೂ ಸ್ಥಾಪಿಸಿದರು. ಫಿಯೆಟ್ 1100, ಡಿಲೈಟ್, ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪದ್ಮಿನಿ: ಹೆಸರುಗಳು ಬದಲಾದರೂ 1089 ಸಿ.ಸಿ.ಯ ಆ ಪುಟ್ಟ ಇಂಜಿನ್ನೂ ಸ್ಟಿಯರಿಂಗಿನ ಪಕ್ಕದ ಗೇರು ಕಡ್ಡಿಯೂ ಬಹುಕಾಲ ಹಾಗೆಯೇ ಉಳಿದವು. ಈ ಶತಮಾನದ ಆರಂಭದಲ್ಲಿ ತಯಾರಿಕೆ ನಿಂತಿತು.

ಸಾಧಾರಣ ಆದಾಯದವನಿಗೆ ಇದಕ್ಕಿಂತ ತಕ್ಕ ಹಳೆಯ ಕಾರು ಇನ್ನೊಂದಿಲ್ಲ. ಮುಂಬಯಿಯ ಸಾವಿರಾರು ಟ್ಯಾಕ್ಸಿಗಳು ಇದೇ ಆಗಿದ್ದುದರಿಂದ ಇದರ ಮರ್ಮ ಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳಲ್ಲೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ತಾಳ್ಮೆಯಿಂದ ಹುಡುಕಿದರೆ ಬಿಡಿಭಾಗಗಳು ದೊರೆಯುತ್ತವೆ. ಇದಕ್ಕೆ ಹೋಲಿಸಿದರೆ ಬೆಂಗಳೂರಿನ ಸಿಪಾನಿ ಸಂಸ್ಥೆಯ ಡಾಲ್ಫಿನ್ ಕನ್ನಡನಾಡಿನದೇ ಕಾರು, ಅದರ ಫೈಬರ್‌ಗ್ಲಾಸ್ ಮೈಗೆ ತುಕ್ಕಿನ ಭಯವೂ ಇಲ್ಲ. ಆದರೆ ಒಂದು ಬಿಡಿಭಾಗ ಮುರಿದರೆ ಮುಂದಿನ ಭಾಗ ಎಲ್ಲಿ ಸಿಕ್ಕೀತೆಂದು ಹೇಳುವುದು ಕಷ್ಟ. ಅಭಿಮಾನ ಬೇರೆ, ಬಿಡಿಭಾಗ ಬೇರೆ.

‘ವಿಂಟೇಜ್’ ಎಂಬ ಪದವೂ ಖರ್ಚು ಹೆಚ್ಚಿಸುವ ಪದವೇ. ಸಂಗ್ರಾಹಕರ ಲೆಕ್ಕದಲ್ಲಿ ಅದು ಸ್ಥೂಲವಾಗಿ 1919ರಿಂದ 1930ರವರೆಗಿನ ಕಾರುಗಳಿಗೆ ಸಲ್ಲುತ್ತದೆ. ಅವು ಅರಮನೆಗಳ ಸೊತ್ತು. ಧರ್ಮಸ್ಥಳಕ್ಕೆ ಹೋದವರು ವೀರೇಂದ್ರ ಹೆಗ್ಗಡೆಯವರ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಕಣ್ತುಂಬ ನೋಡಿ ಬರಬಹುದು. ನಮ್ಮ ಕಾನೂನಿನ ಲೆಕ್ಕ ಇನ್ನೊಂದು. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಇಂಜಿನ್, ಚಾಸಿಸ್, ಮೈಕಟ್ಟುಗಳಲ್ಲಿ ಗಣನೀಯ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕುಚಕ್ರ ವಾಹನಗಳು ವಿಂಟೇಜ್ ಎನಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮುಂದಿನ ನೋಂದಣಿಗೆ 5,000 ರೂಪಾಯಿ. ಪದ್ಮಿನಿ ಎಂಬ ಹೆಸರಿನಲ್ಲಿ ಬಂದ ಮೊದಲ ಕಾರುಗಳು 2024ರಲ್ಲಿ ಈ ಅಂತಸ್ತಿಗೆ ಏರಿದವು. ಆದರೆ ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮುಂತಾದ ಉದ್ದೇಶಗಳಿಗಲ್ಲದೆ ನಿತ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ. ಆಗಾಗ ಕುಟುಂಬದೊಡನೆ ಟಿಟ್ವಾಲಾ ಗಣಪತಿಯ ದರ್ಶನಕ್ಕೆ ಹೋಗಿಬರಬೇಕೆನ್ನುವವನಿಗೆ ಸಾಮಾನ್ಯ ನೋಂದಣಿ ಜೀವಂತವಾಗಿರುವ ಕಾರೇ ಲೇಸು. ಅದಕ್ಕೂ ಸಾರಿಗೆ ಕಚೇರಿಯ ತಪಾಸಣೆ, ಐದು ವರ್ಷಕ್ಕೊಮ್ಮೆ ನವೀಕರಣ ಇದ್ದೇ ಇದೆ. 20 ವರ್ಷ ದಾಟಿದ ಲಘು ವಾಹನಗಳ ನವೀಕರಣ ಶುಲ್ಕ 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾರು ನೋಡುವ ಮೊದಲು ಕಾಗದ ನೋಡಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರೇ ಹೆಚ್ಚಾಗಿ ಕೆಟ್ಟವರು. ಹೊಳೆಯುವ ಬಂಪರಿಗೆ ಮನಸೋತು ಮುಂಗಡ ಕೊಟ್ಟ ಮೇಲೆ ನೋಂದಣಿ ಪುಸ್ತಕವೇ ಕಳೆದಿದೆಯೆಂದು ತಿಳಿದರೆ ಆ ಕಾರು ಕೇವಲ ತಗಡು. ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಪುಸ್ತಕದೊಡನೆ ಹೋಲಿಸಬೇಕು. ಕೈಬರಹದ ಹಳೆಯ ದಾಖಲೆ ಸರಕಾರದ ‘ಪರಿವಾಹನ್’ ತಾಣದಲ್ಲಿ ಸೇರಿದೆಯೇ ಎಂದು ನೋಡಬೇಕು. ಸೇರಿರದಿದ್ದರೆ ಅದನ್ನು ಸೇರಿಸುವ ಹೊಣೆ ಮಾರುವವನ ಮೇಲೇ ಇರಲಿ. ಮಾಲೀಕ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆಯೊಡನೆ ನಮೂನೆ 31, ಮಾಲೀಕ ಬದುಕಿದ್ದರೆ ನಮೂನೆ 29 ಮತ್ತು 30. ಕರ್ನಾಟಕದಲ್ಲಿ ನೋಂದಣಿಯಾದ ಕಾರಾದರೆ ಅಲ್ಲಿಯ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇರುವುದಾದರೆ ಮಹಾರಾಷ್ಟ್ರದ ತೆರಿಗೆ ಕಟ್ಟಿ ಇಲ್ಲಿಯ ಸಂಖ್ಯೆ ಪಡೆಯಬೇಕು. 1973ಕ್ಕೆ ಮುನ್ನಿನ, ಮೈಸೂರು ರಾಜ್ಯದ ‘ಎಂ.ವೈ.’ ಅಕ್ಷರಗಳ ಫಲಕವನ್ನು ಕಳೆದುಕೊಳ್ಳಲು ಯಾರಿಗಾದರೂ ಮನಸ್ಸಾಗದು. ಮೊದಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ವಿಂಟೇಜ್ ನಿಯಮದಲ್ಲಿ ಅವಕಾಶವಿರುವುದರಿಂದ ಅಂಥವರು ಆ ಮಾರ್ಗವನ್ನೇ ಯೋಚಿಸಬಹುದು.

ಬ್ಯಾಂಕಿನ ಜನರಿಗೆ ಮಾತ್ರ ಬೇಗ ಹೊಳೆಯುವ ಇನ್ನೊಂದು ತೊಡಕಿದೆ. ಆ ಕಾಲದಲ್ಲಿ ಸಾಲ ಪಡೆದು ಕೊಂಡ ಕಾರುಗಳ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿಗೆ ‘ಹೈಪಾಥಿಕೇಷನ್’ ಎಂಬ ಮುದ್ರೆ ಇರುತ್ತದೆ. ಸಾಲ ತೀರಿ ಮೂವತ್ತು ವರ್ಷವಾದರೂ ಮುದ್ರೆ ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಸದೆ ಕಾರು ನಿರಾತಂಕವಾಗಿ ಕೊಳ್ಳುವವನ ಹೆಸರಿಗೆ ಬರುವುದಿಲ್ಲ. ತೆಗೆಸಲು ಬ್ಯಾಂಕಿನ ಸಹಿಯುಳ್ಳ ನಮೂನೆ 35 ಬೇಕು. ಆದರೆ ಆ ಬ್ಯಾಂಕೇ ಇಂದು ಇಲ್ಲ! ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗವಾಗಿತ್ತು. ಆದ್ದರಿಂದ ಅರ್ಜಿ ಹೋಗಬೇಕಾದದ್ದು ವಿಲೀನಗೊಂಡ ಬ್ಯಾಂಕಿಗೆ, ಸಾಧ್ಯವಾದರೆ ಹಳೆಯ ಶಾಖೆಯ ಮುಂದುವರಿದ ಶಾಖೆಗೆ. ಸಾಲ ತೀರಿದ ರಸೀತಿ ಮಾರುವವನ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಇಷ್ಟೆಲ್ಲ ಆಗುವವರೆಗೆ ಪೂರ್ತಿ ಹಣ ಕೊಡಕೂಡದು.

ಟ್ಯಾಕ್ಸಿಯಾಗಿದ್ದ ಕಾರುಗಳ ಬಗೆಗೂ ಎಚ್ಚರ ಬೇಕು. ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿ 2003ರ ಅಕ್ಟೋಬರ್ 29ರದ್ದು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಯಲ್ಲಿ ಕಪ್ಪು–ಹಳದಿ ಪದ್ಮಿನಿ ಬೀದಿಯಿಂದ ಮರೆಯಾಯಿತು. ಅದನ್ನು ಕಂಡು ಕಣ್ಣೀರು ಹಾಕಿದವರಿಗೆ ಅಂತಹ ಗಾಡಿಯನ್ನು ಅಗ್ಗಕ್ಕೆ ಮಾರಲು ಬರುವ ದಲ್ಲಾಳಿಗಳೂ ಇರುತ್ತಾರೆ. ಖಾಸಗಿ ನೋಂದಣಿಗೆ ಬದಲಾಯಿಸಿದ ದಾಖಲೆ ಇಲ್ಲವಾದರೆ ಅದು ಬಿಡಿಭಾಗಕ್ಕೆ ಮಾತ್ರ ಉಪಯುಕ್ತ.

ಇನ್ನು ಕಾರಿನ ಮೈ. ಈ ಫಿಯೆಟ್ಟಿಗೆ ಲಾರಿಯಂತೆ ಬೇರೆ ಚೌಕಟ್ಟಿಲ್ಲ. ನೆಲ, ಪಕ್ಕದ ತಗಡು, ಕಂಬಗಳೇ ಕೂಡಿ ಕಾರನ್ನು ಹಿಡಿದಿಡುತ್ತವೆ. ನೆಲಕ್ಕೆ ತುಕ್ಕು ಹಿಡಿದರೆ ಬೆನ್ನುಮೂಳೆಗೇ ಹುಳ ಹತ್ತಿದಂತೆ. ಆದ್ದರಿಂದ ಇಂಜಿನ್ ಕೆಟ್ಟಿದ್ದರೂ ಚಿಂತಿಲ್ಲ, ತಗಡು ಗಟ್ಟಿಯಿರಲಿ. ಇಂಜಿನ್ನಿನ ದುರಸ್ತಿಗೆ ಒಂದು ಅಂದಾಜು ಸಿಗುತ್ತದೆ. ತುಕ್ಕಿಗೆ ಅಂದಾಜೆಂಬುದಿಲ್ಲ, ಕೆರೆದಷ್ಟೂ ಆಳ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲಿನ ಕೆಳಭಾಗ, ಚಕ್ರದ ಕಮಾನುಗಳ ಮೇಲೆ ಸರಿಸಿದರೆ ಅದು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದಡಿ ಇರುವುದು ಪುಟ್ಟಿ. ಚಾಪೆ ಎತ್ತಿ, ಡಿಕ್ಕಿಯ ಸ್ಟೆಪ್ನಿ ತೆಗೆದು ನೋಡಬೇಕು. ಮಾರುವವನು ಚಾಪೆ ಎತ್ತಲು ಹಿಂಜರಿದರೆ ಚಹಾ ಕುಡಿದು ಹಿಂತಿರುಗಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಬಿದ್ದ ದಿನ ಈ ಮಹಾನಗರದ ಎಷ್ಟೋ ಕಾರುಗಳು ಮುಳುಗಿದ್ದವು. ಆಸನದ ಅಡಿ ಒಣಗಿದ ಕೆಸರಿನ ಗೆರೆ ಕಂಡರೆ ಅದರ ಅರ್ಥವನ್ನು ಕೇಳಿ ತಿಳಿಯಬೇಕು.

ಹಣದ ಲೆಕ್ಕ. ಉದಾಹರಣೆಗೆ ಎರಡು ಲಕ್ಷ ರೂಪಾಯಿಯ ಮಿತಿ ಹಾಕಿಕೊಂಡವನು ಎರಡು ಲಕ್ಷದ ಕಾರು ಕೊಳ್ಳಬಾರದು. ಕಾರಿಗೆ ಎಂಬತ್ತು ಸಾವಿರ, ತಗಡು, ಇಂಜಿನ್, ಟೈರುಗಳಿಗೆ ಅರವತ್ತು ಸಾವಿರ, ಕಾಗದಪತ್ರ, ತೆರಿಗೆ, ವಿಮೆಗಳಿಗೆ ಮೂವತ್ತು ಸಾವಿರ, ಉಳಿದ ಮೂವತ್ತು ಸಾವಿರ ಯಾರಿಗೂ ಹೇಳದೆ ತೆಗೆದಿಡಬೇಕು. ಮೇಸ್ತ್ರಿಗಂತೂ ಹೇಳಲೇಬಾರದು. ಇಷ್ಟು ಹಣಕ್ಕೆ ವೈಯಕ್ತಿಕ ಸಾಲ ಮಾಡಿದರೆ ಶೇಕಡಾ 12ರ ಬಡ್ಡಿಯಲ್ಲಿ 36 ಕಂತುಗಳಿಗೆ ತಿಂಗಳಿಗೆ 6,643 ರೂಪಾಯಿ, ಒಟ್ಟು ಬಡ್ಡಿ 39,000 ರೂಪಾಯಿಗೂ ಮಿಕ್ಕಿ. ಅದೇ 6,600 ರೂಪಾಯಿಯನ್ನು ಶೇಕಡಾ 6.5ರ ಆವರ್ತ ಠೇವಣಿಯಲ್ಲಿ ಹಾಕುತ್ತ ಹೋದರೆ 29 ತಿಂಗಳಿಗೇ ಎರಡು ಲಕ್ಷ ದಾಟುತ್ತದೆ. ಆ ಎರಡೂವರೆ ವರ್ಷ ಹುಡುಕಾಟಕ್ಕೇ ಬೇಕು. 1980ರ ದಶಕದಲ್ಲಿ ಹೊಸ ಪದ್ಮಿನಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಖರ್ಚು ಮಾಡುವಾಗ ಮೊದಲು ಬ್ರೇಕು, ಅನಂತರ ವೈರಿಂಗು, ಟೈರು, ಇಂಜಿನ್, ಎಲ್ಲಕ್ಕೂ ಕೊನೆಗೆ ಬಣ್ಣ. ಮೊದಲೇ ಬಣ್ಣ ಹೊಡೆಸಿದವರು ವೆಲ್ಡಿಂಗ್ ಆದ ಮೇಲೆ ಮತ್ತೊಮ್ಮೆ ಹೊಡೆಸುತ್ತಾರೆ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ದಿವಾದಲ್ಲಿ ಕಾರು ನಿಲ್ಲುವುದೆಲ್ಲಿ ಎಂಬುದು. ಇಕ್ಕಟ್ಟಿನ ಗಲ್ಲಿಗಳು, ಖಾರಿಯ ಕಡೆಯಿಂದ ಬೀಸುವ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಬಯಲಲ್ಲಿ ನಿಲ್ಲಿಸಿದ ಹಳೆಯ ತಗಡಿಗೆ ಒಂದೇ ಮಳೆಗಾಲ ಸಾಕು. ತಿಂಗಳ ಬಾಡಿಗೆಗೆ ಮುಚ್ಚಿದ ಜಾಗ ಹಿಡಿಯುವುದಾದರೆ ಆ ಬಾಡಿಗೆಯೂ ಕಾರಿನ ಬೆಲೆಯ ಭಾಗವೇ. ಕೆಲವರು ಕಾರನ್ನು ಊರಿನ ಮನೆಯ ಕೊಟ್ಟಿಗೆಯಲ್ಲೇ ಇಟ್ಟು ರಜೆಯಲ್ಲಿ ಹೋದಾಗ ಓಡಿಸುತ್ತಾರೆ. ಆಗ ನೋಂದಣಿ ಬದಲಾವಣೆಯ ಖರ್ಚು ಉಳಿಯುತ್ತದೆ. ಆದರೆ ವಾರಕ್ಕೊಮ್ಮೆ ಚಾಲೂ ಮಾಡುವವರು ಬೇಕು. ಇಲ್ಲವಾದರೆ ಬ್ಯಾಟರಿ ಸಾಯುತ್ತದೆ, ಇಲಿಗಳು ವೈರು ಕಡಿಯುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರಿರುವುದರಿಂದ ಇನ್ನೊಂದು ತಾಪತ್ರಯ: ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನು ಹಾಳುಗೆಡಹುತ್ತದೆ. ಕೊಳವೆಗಳನ್ನು ಹೊಸತಾಗಿಸಿ, ಬಹುಕಾಲ ನಿಲ್ಲಿಸುವ ಮೊದಲು ಟ್ಯಾಂಕನ್ನು ಬರಿದು ಮಾಡುವುದು ಒಳ್ಳೆಯದು.

ಈ ಸಂಚಿಕೆಯ ವೈದ್ಯಲೇಖನಗಳ ನಡುವೆ ಒಂದೆರಡು ಮಾತು ಇಲ್ಲಿಯೂ ಸಲ್ಲುತ್ತದೆ. ಹಳೆಯ ಕಾರುಗಳ ಬ್ರೇಕು ಮತ್ತು ಕ್ಲಚ್ಚುಗಳ ಒಳಪದರದಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅದರ ಧೂಳು ಪುಪ್ಪುಸದಲ್ಲಿ ಸೇರಿ ದಶಕಗಳ ನಂತರ ರೋಗವಾಗಿ ಹೊರಬರುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ತೆಗೆಯಬೇಕು, ಮಕ್ಕಳನ್ನು ದೂರವಿಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಮಾಡುವುದು ಪ್ರಾಣಕ್ಕೇ ಅಪಾಯ. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ತಲೆನೋವೆಂದು ಕುಳಿತವನು ಏಳದೆ ಹೋಗಬಹುದು. ಜಾಕಿನೊಂದರ ಭರವಸೆಯ ಮೇಲೆ ಕಾರಿನ ಅಡಿ ಹೋಗಲೇಬಾರದು. ಗಟ್ಟಿಯಾದ ಆಧಾರ ಕೊಟ್ಟ ಮೇಲೆಯೇ ಹೋಗಬೇಕು.

ಜಾಗವೂ ಇಲ್ಲ, ಎರಡು ಲಕ್ಷವೂ ಇಲ್ಲ ಎನ್ನುವವರಿಗೆ ಉಳಿದಿರುವುದು ಮೈಸೂರು. ಅಲ್ಲಿಯ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟಾರು ಸೈಕಲುಗಳನ್ನು ತಯಾರಿಸಿತು. ಮೊದಲು ಜಾವಾ, 1973ರಿಂದ ಯೆಜ್ಡಿ. ಕಿಕ್ ಹೊಡೆಯುವ ಕಡ್ಡಿಯೇ ಗೇರು ಹಾಕುವ ಕಡ್ಡಿಯೂ ಆಗುವ ಆ ಚಮತ್ಕಾರವನ್ನು ಒಮ್ಮೆ ಕಲಿತವರು ಮರೆಯುವುದಿಲ್ಲ. ಜಾವಾ ಹೆಸರಿನವು ಈಗ ಐವತ್ತು ದಾಟಿವೆ, ಕಾನೂನಿನ ವಿಂಟೇಜ್ ಲೆಕ್ಕಕ್ಕೂ ಸಲ್ಲುತ್ತವೆ. ಕಾರಿಗೆ ಹೇಳಿದ ಕಾಗದಪತ್ರಗಳ ಎಚ್ಚರಿಕೆಯೆಲ್ಲ ಇದಕ್ಕೂ ಅನ್ವಯ. ಸಾಗಣೆ ಮಾತ್ರ ಸುಲಭ: ಟ್ಯಾಂಕಿನ ಪೆಟ್ರೋಲು ಬರಿದು ಮಾಡಿ, ಗೋಣಿಯಲ್ಲಿ ಬಿಗಿದು, ನೋಂದಣಿ ಪತ್ರದ ಪ್ರತಿಯೊಡನೆ ರೈಲ್ವೆ ಪಾರ್ಸೆಲ್ ಕಚೇರಿಗೆ ಒಪ್ಪಿಸಿದರಾಯಿತು. ಮೈಸೂರಿನಿಂದ ದಾದರಿಗೆ ಬರುವ ಶರಾವತಿ ಎಕ್ಸ್‌ಪ್ರೆಸ್ ದಿವಾದ ಮೂಲಕವೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಗೋಣಿ ಸುತ್ತಿದ ಜಾವಾವನ್ನು ಬಿಡಿಸಿಕೊಳ್ಳಲು ದಾದರಿಗೇ ಹೋಗಬೇಕು.